ಕಲಿಯುವ ಕೈಗೆ ಎಷ್ಟು ಕೂಲಿ?

1961ರ ಅಪ್ರೆಂಟಿಸ್ ಕಾಯ್ದೆಯ 18ನೇ ಕಲಂ ಪ್ರಕಾರ ಅಪ್ರೆಂಟಿಸ್ ಅಂದರೆ ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಹಾಗಾಗಿ ಅವನಿಗೆ ಕನಿಷ್ಠ ವೇತನದ ಹಕ್ಕಿಲ್ಲ, ಸಿಗುವುದು ಶಿಷ್ಯವೇತನ. 2019ರ ವೇತನ ಸಂಹಿತೆಯೂ ಈ ಹುಡುಗ ಹುಡುಗಿಯರನ್ನು ಹೊರಗೇ ಇಟ್ಟಿತು.

ಕಲಿಯುವ ಕಾಲಕ್ಕೆ ಪೂರ್ತಿ ಸಂಬಳ ಕೊಡಲಾಗದು ಎಂಬ ಮಾಲೀಕರ ವಾದದಲ್ಲಿ ಹುರುಳಿದೆ. ಲೇತ್ ಮುಂದೆ ಹೊಸಬ ನಿಂತರೆ ಮಾಲು ಕೆಡುತ್ತದೆ, ಹೇಳಿಕೊಡುವ ಹಿರಿಯನ ಕೆಲಸ ನಿಲ್ಲುತ್ತದೆ. ಇದಕ್ಕೆ 2014ರ ನಿಯಮ ನ್ಯಾಯವಾದ ಸೂತ್ರವನ್ನೇ ಕೊಟ್ಟಿತ್ತು: ಆಯಾ ರಾಜ್ಯ ಅರೆಕುಶಲ ಕಾರ್ಮಿಕರಿಗೆ ನಿಗದಿಪಡಿಸಿದ ಕನಿಷ್ಠ ವೇತನದಲ್ಲಿ ಮೊದಲ ವರ್ಷ ಶೇ 70, ಎರಡನೇ ವರ್ಷ ಶೇ 80, ಮೂರನೇ ವರ್ಷ ಶೇ 90. ಕೈ ಪಳಗಿದಷ್ಟೂ ಪಾಲು ಹೆಚ್ಚು. ಕರ್ನಾಟಕದಲ್ಲಿ ಏಪ್ರಿಲ್ ಬಂದು ತುಟ್ಟಿಭತ್ಯೆ ಏರಿದರೆ ಶಿಷ್ಯವೇತನವೂ ಏರಲೇಬೇಕಿತ್ತು.

2019ರ ತಿದ್ದುಪಡಿ ಆ ಕೊಂಡಿಯನ್ನೇ ಕಳಚಿತು. ದೇಶಕ್ಕೆಲ್ಲ ಒಂದೇ ದರ: ಐಟಿಐ ಮುಗಿಸಿದವರಿಗೆ ತಿಂಗಳಿಗೆ ಕನಿಷ್ಠ 7,000 ರೂಪಾಯಿ, ಪದವೀಧರರಿಗೆ 9,000. ಹೆಚ್ಚು ಕೊಡುವ ಕಂಪನಿಗಳೂ ಇವೆ, ನಿಜ. ಆದರೆ ಕಾನೂನಿನ ಬಲ ಇರುವುದು ಕನಿಷ್ಠ ಮೊತ್ತಕ್ಕೆ ಮಾತ್ರ. ಅದರಲ್ಲೂ 1,500 ರೂಪಾಯಿವರೆಗೆ ಕೇಂದ್ರದ ಉತ್ತೇಜನ ಯೋಜನೆಯೇ ಭರಿಸುತ್ತದೆ. ಎರಡನೇ ವರ್ಷ ಶೇ 10ರಷ್ಟು ಏರಿಕೆ ಉಂಟು. ಐಟಿಐ ಓದಿ ಬಂದ ಫಿಟ್ಟರ್‌ಗೆ ಸಾಮಾನ್ಯವಾಗಿ ತರಬೇತಿಯೇ ಒಂದು ವರ್ಷ, ಆ ಏರಿಕೆ ಅವನ ಕೈಗೆ ಬರುವುದೇ ಇಲ್ಲ. ರಾಯಚೂರಿನಿಂದಲೋ ಹಾವೇರಿಯಿಂದಲೋ ಪೀಣ್ಯಕ್ಕೆ ಬಂದವನು ಅಷ್ಟರಲ್ಲೇ ರೂಮಿನ ಬಾಡಿಗೆ, ಮೆಸ್ಸಿನ ಊಟ, ಬಸ್ ಪಾಸು ಎಲ್ಲವನ್ನೂ ತೂಗಿಸಬೇಕು. ತೂಗದಿದ್ದರೆ ಮನೆಯವರು ದುಡ್ಡು ಕಳಿಸಬೇಕು. ಅಂದರೆ ಕಾರ್ಖಾನೆಯ ತರಬೇತಿ ಖರ್ಚನ್ನು ಬಡ ಅಪ್ಪ ಅಮ್ಮ ಹೊರುತ್ತಿದ್ದಾರೆ.

ಇದೇ ಕಾಯ್ದೆ ಯಂತ್ರದ ಅಪಾಯದ ವಿಷಯದಲ್ಲಿ ಬೇರೆಯಾಗಿ ನಡೆದುಕೊಳ್ಳುತ್ತದೆ. ಸುರಕ್ಷತೆಗೆ ಕಾರ್ಖಾನೆ ಕಾರ್ಮಿಕರ ನಿಯಮಗಳೇ ಅನ್ವಯ, ಗಾಯವಾದರೆ ಕಾರ್ಮಿಕನಂತೆಯೇ ಪರಿಹಾರ. ಬೆರಳು ತುಂಡಾದಾಗ ಕಾರ್ಮಿಕನ ಸಮ ಎಂದು ಒಪ್ಪುವ ಕಾನೂನು, ಹೊಟ್ಟೆಯ ವಿಷಯಕ್ಕೆ ಮಾತ್ರ ವಿದ್ಯಾರ್ಥಿ ಎನ್ನುವುದು ಸರಿಯಲ್ಲ.

2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶೇ 36ರಷ್ಟು ಹೆಚ್ಚಳಕ್ಕೆ ಶಿಫಾರಸು ಮಾಡಿತು. ಸ್ವಾಗತಾರ್ಹ, ಆದರೆ ಸಾಲದು. ಅಲ್ಲೂ ಮೊತ್ತ ಹೆಚ್ಚಿತೇ ಹೊರತು ರಾಜ್ಯದ ಕನಿಷ್ಠ ವೇತನದ ನಂಟು ಮರಳಲಿಲ್ಲ. 2014ರ ಸೂತ್ರವನ್ನು ಕೇಂದ್ರ ಸರ್ಕಾರ ಮತ್ತೆ ನಿಯಮದೊಳಗೆ ತರಬೇಕು. ಕಾರ್ಮಿಕ ಸಂಘಟನೆಗಳು ತಮ್ಮ ಬೇಡಿಕೆಪಟ್ಟಿಯಲ್ಲಿ ಈ ಮಕ್ಕಳ ಹೆಸರಲ್ಲೂ ಒಂದು ಸಾಲು ಸೇರಿಸಬೇಕು.