ಕತ್ತಲಿದ್ದವರಿಗೆ ಪ್ರೊಜೆಕ್ಟರ್

ನೂರಿಂಚಿನ ಚಿತ್ರವೆಂದರೆ ಏಳೂಕಾಲು ಅಡಿ ಅಗಲ, ನಾಲ್ಕಡಿ ಎತ್ತರ. 55 ಇಂಚಿನ ಟಿವಿಗಿಂತ ಮೂರು ಪಟ್ಟಿಗೂ ಹೆಚ್ಚಿನ ವಿಸ್ತೀರ್ಣ. ಈ ಅಳತೆಗೆ ಮನಸೋತು ಟಿವಿ ಬಿಟ್ಟು ಪ್ರೊಜೆಕ್ಟರ್ ಕೊಳ್ಳಲು ಹೊರಟವರು ಈಗ ಬಹಳ. ಆಸೆಯೇನೋ ಸರಿಯಾದದ್ದೇ. ಆದರೆ ಅಂಗಡಿಯಲ್ಲಿ ಇಂಚು ಕೇಳುತ್ತಾರೆ, ಲ್ಯೂಮೆನ್ ಕೇಳುತ್ತಾರೆ. ತಮ್ಮ ಕೋಣೆ ಎಷ್ಟು ಕತ್ತಲಾಗುತ್ತದೆ ಎಂಬುದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇಡೀ ಆಯ್ಕೆ ನಿಂತಿರುವುದು ಅದರ ಮೇಲೆಯೇ.

ಪ್ರೊಜೆಕ್ಟರ್ ಬೆಳಕನ್ನು ಚೆಲ್ಲಬಲ್ಲದು, ಕಪ್ಪನ್ನು ಚೆಲ್ಲಲಾರದು. ದೃಶ್ಯದಲ್ಲಿ ಕಪ್ಪಿರುವ ಕಡೆ ಕಾಣುವುದು ಬೆಳಕು ಬೀಳದ ಪರದೆಯಷ್ಟೇ. ಡಿಜಿಟಲ್ ಚಿತ್ರಮಂದಿರದ ಬಿಳಿಗೆ ನಿಗದಿಯಾದ ಹೊಳಪು ಬರೀ 48 ನಿಟ್. ಮನೆಯಲ್ಲಿ ನೂರಿಂಚಿನ ಬಿಳಿ ಪರದೆಯ ಮೇಲೆ ಅಷ್ಟನ್ನು ತರಲು ಸುಮಾರು 420 ಲ್ಯೂಮೆನ್ ಸಾಕು, ಕೋಣೆ ಪೂರ್ತಿ ಕತ್ತಲಾಗಿದ್ದರೆ. ಅದೇ ಹಾಲ್‌ನಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿದ್ದು, ಪರದೆಯ ಮೇಲೆ 100 ಲಕ್ಸ್ ಬೆಳಕು ಬಿದ್ದಿತೆನ್ನಿ. ಕಪ್ಪಿರಬೇಕಾದ ಜಾಗವೇ 32 ನಿಟ್‌ನಷ್ಟು ಹೊಳೆಯುತ್ತದೆ! ಆಗ 2000 ಲ್ಯೂಮೆನ್‌ನ ಪ್ರೊಜೆಕ್ಟರ್ ಹಚ್ಚಿದರೂ ಅತಿ ಬಿಳಿಗೂ ಅತಿ ಕಪ್ಪಿಗೂ ನಡುವೆ ಉಳಿಯುವ ಅಂತರ ಎಂಟು ಪಟ್ಟು ಮಾತ್ರ. ‘ಕಾಂತಾರ’ದ ರಾತ್ರಿಯ ಕೋಲವನ್ನು ಹೀಗೆ ನೋಡಿದರೆ ಇರುಳು ಬೂದಿ ಬಣ್ಣಕ್ಕೆ ತಿರುಗಿ, ಬೆಂಕಿಯ ಬೆಳಕು ಸಪ್ಪೆಯಾಗುತ್ತದೆ. ಓಎಲ್‌ಇಡಿ ಟಿವಿಯಲ್ಲಿ ಕಪ್ಪು ಬೇಕಾದ ಕಡೆ ಪಿಕ್ಸೆಲ್ಲೇ ಆರಿಹೋಗುತ್ತದೆ. ಈ ವಿಷಯದಲ್ಲಿ ಪ್ರೊಜೆಕ್ಟರ್ ಅದರ ಹತ್ತಿರವೂ ಸುಳಿಯದು.

ಹಾಗಾದರೆ ಪ್ರೊಜೆಕ್ಟರ್ ಯಾಕೆ ಬೇಕು? ಸಿನಿಮಾದ ಆಕಾರಕ್ಕಾಗಿ. ಇಂದಿನ ಬಹುಪಾಲು ಕನ್ನಡ ಚಿತ್ರಗಳು ಸ್ಕೋಪ್‌ನಲ್ಲಿ, ಅಂದರೆ ಎತ್ತರದ 2.39 ಪಟ್ಟು ಅಗಲದಲ್ಲಿ ತಯಾರಾಗುತ್ತವೆ. 55 ಇಂಚಿನ ಟಿವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಹೋಗಿ ದೃಶ್ಯಕ್ಕೆ ಉಳಿಯುವ ಎತ್ತರ ಇಪ್ಪತ್ತೇ ಇಂಚು. ನೂರಿಂಚಿನ ಪರದೆಯಲ್ಲಿ ಅದು ಮೂರಡಿ. ಹತ್ತಡಿ ದೂರ ಕೂತವರಿಗೆ ಟಿವಿ 23 ಡಿಗ್ರಿಯಷ್ಟು ನೋಟವನ್ನು ತುಂಬಿದರೆ, ಪರದೆ 40 ಡಿಗ್ರಿ ತುಂಬುತ್ತದೆ. ಛಾಯಾಗ್ರಾಹಕರು ಚೌಕಟ್ಟಿನ ಮೂಲೆಯಲ್ಲಿ ನಿಲ್ಲಿಸಿದ ಪಾತ್ರದ ಮುಖಭಾವ ಆಗ ತಾನಾಗಿ ಕಾಣುತ್ತದೆ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ಸಿನಿಮಾ ನೋಡುವ ಸುಖಕ್ಕೆ ಇದಕ್ಕಿಂತ ಅಗ್ಗದ ದಾರಿ ಸದ್ಯಕ್ಕಿಲ್ಲ.

98 ಇಂಚಿನ ಟಿವಿಗಳು ಬಂದಿವೆಯಲ್ಲ ಎನ್ನಬಹುದು. ಏಳಡಿಗೂ ಹೆಚ್ಚು ಉದ್ದದ ಆ ಪೆಟ್ಟಿಗೆ ಸಾಮಾನ್ಯ ಅಪಾರ್ಟ್‌ಮೆಂಟಿನ ಲಿಫ್ಟಿಗೆ ಹಿಡಿಸುವುದಿಲ್ಲ. ಮೆಟ್ಟಿಲ ತಿರುವಿನಲ್ಲಿ ನಾಲ್ವರು ಸೇರಿ ಹೊರಳಿಸಬೇಕು. ಮೂರು ನಾಲ್ಕು ಕೆಜಿಯ ಪ್ರೊಜೆಕ್ಟರನ್ನು ಬಾಡಿಗೆ ಮನೆ ಬದಲಿಸುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಹೋಗಬಹುದು. ಜಿಎಸ್‌ಟಿಯಲ್ಲಿ ಮಾತ್ರ ಭೇದವಿಲ್ಲ, 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಶೇ. 18.

ಸಿಟ್ಟು ಬರುವುದು ಆನ್‌ಲೈನ್ ಮಾರುಕಟ್ಟೆಯ ಅಗ್ಗದ ಸರಕಿನ ಮೇಲೆ. ‘4ಕೆ ಸಪೋರ್ಟ್’ ಎಂದು ದಪ್ಪಕ್ಷರದಲ್ಲಿ ಹಾಕಿರುತ್ತಾರೆ. ಅದರರ್ಥ 4ಕೆ ಸಿಗ್ನಲ್ ಒಳಗೆ ಹೋಗುತ್ತದೆ ಎಂದಷ್ಟೇ. ಹೊರಬರುವುದು 1280×720 ಇರಬಹುದು. ‘ಆನ್ಸಿ’ ಅಥವಾ ‘ಐಎಸ್‌ಒ’ ಎಂಬ ಅಳತೆಯ ಮಾನದಂಡದ ಹೆಸರಿಲ್ಲದೆ ಬರೆದ ಸಾವಿರಾರು ಲ್ಯೂಮೆನ್‌ಗಳನ್ನು ನಂಬಲೇಬಾರದು. ಓರೆಯಾಗಿಟ್ಟು ಕೀಸ್ಟೋನ್‌ನಲ್ಲಿ ಸರಿಮಾಡಿಕೊಳ್ಳಿ ಎಂಬ ಸಲಹೆಯೂ ಕೆಟ್ಟದ್ದೇ, ಇರುವ ಪಿಕ್ಸೆಲ್‌ಗಳೂ ಅದರಲ್ಲಿ ವ್ಯರ್ಥವಾಗುತ್ತವೆ. ಇನ್ನು ಧ್ವನಿ: ತಲೆಯ ಹಿಂದಿನ ಪುಟ್ಟ ಸ್ಪೀಕರಿನಿಂದ ಸಂಭಾಷಣೆ ಬಂದರೆ ಎದುರಿನ ಚಿತ್ರಕ್ಕೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಪರದೆಯ ಕೆಳಗೊಂದು ಸೌಂಡ್‌ಬಾರ್ ಬೇಕೇ ಬೇಕು. ಲ್ಯಾಂಪ್ ಇರುವ ಮಾಡೆಲ್ ಆದರೆ ಯುಪಿಎಸ್ ಕೂಡ ಬೇಕು. ಕರೆಂಟ್ ಹಠಾತ್ತನೆ ಹೋದರೆ ಫ್ಯಾನೂ ನಿಂತು ಕಾದ ಲ್ಯಾಂಪ್ ತಣಿಯುವುದಿಲ್ಲ.

ಹಗಲಿನ ಕ್ರಿಕೆಟ್, ಸಂಜೆಯ ಧಾರಾವಾಹಿ, ಊಟದ ಹೊತ್ತಿನ ವಾರ್ತೆ, ಇವೇ ಮುಖ್ಯವಾದ ಮನೆಗೆ ಟಿವಿಯೇ ಸರಿ, ಅದರಲ್ಲಿ ಸಂಕೋಚ ಬೇಡ. ರಾತ್ರಿ ಸಿನಿಮಾ ನೋಡುವವರು, ಕಿಟಕಿ ಮುಚ್ಚಬಲ್ಲ ಒಂದು ಕೋಣೆ ಇರುವವರು ಪ್ರೊಜೆಕ್ಟರನ್ನೇ ಕೊಳ್ಳಲಿ: ನೇಟಿವ್ 1080ಪಿಗಿಂತ ಕಡಿಮೆಯದು ಬೇಡ. ಹಣ ಎಳೆದಾಟವಾದರೆ ದುಬಾರಿ ಮಾಡೆಲ್ ಬಿಟ್ಟು ಒಂದು ಮೆಟ್ಟಿಲು ಕೆಳಗಿನದನ್ನು ಆರಿಸಿ, ಉಳಿದ ದುಡ್ಡಿನಲ್ಲಿ ಮೊದಲು ಬ್ಲ್ಯಾಕ್‌ಔಟ್ ಕರ್ಟನ್ ಹಾಕಿಸಿ.