ಮೀನು ಸಿಕ್ಕಿತು, ಸರೋವರ ತಪ್ಪಿಹೋಯಿತು

ಹೂಬರ್ಟ್ ಸಾಪರ್ ನಿರ್ದೇಶಿಸಿದ ‘ಡಾರ್ವಿನ್ಸ್ ನೈಟ್‌ಮೇರ್’ ತೆರೆಗೆ ಬಂದು ಇಪ್ಪತ್ತು ವರ್ಷ ದಾಟಿತು. ಹೊರಗಿನಿಂದ ತಂದು ಬಿಟ್ಟ ಒಂದು ಮೀನು ಸಿಹಿನೀರಿನ ಸರೋವರವನ್ನು ಏನು ಮಾಡಬಲ್ಲದು ಎಂಬ ಮಾತು ಎದ್ದಾಗಲೆಲ್ಲ ಈಗಲೂ ಮೊದಲು ಉದಾಹರಣೆಗೆ ಬರುವುದು ಈ ಸಾಕ್ಷ್ಯಚಿತ್ರವೇ. 2004ರಲ್ಲಿ ಯುರೋಪಿಯನ್ ಚಲನಚಿತ್ರ ಪ್ರಶಸ್ತಿ, 2006ರಲ್ಲಿ ಫ್ರಾನ್ಸಿನ ಸೀಜರ್, ಅದೇ ವರ್ಷ ಆಸ್ಕರ್ ನಾಮನಿರ್ದೇಶನ. ಹೊಗಳಿಕೆಗೇನೂ ಬರವಿರಲಿಲ್ಲ, ಅದರಲ್ಲಿ ಬಹುಪಾಲು ನ್ಯಾಯವಾಗಿ ಬಂದದ್ದೇ. ನನ್ನ ತಕರಾರು ಬೇರೆಯದು. ಮೀನಿನ ಕಥೆ ಎಂದು ಹೊರಟ ಚಿತ್ರ ನೀರೊಳಗಿನ ಬದುಕಿನ ಬಗ್ಗೆ ಹೆಚ್ಚುಕಡಿಮೆ ಏನನ್ನೂ ತಿಳಿಸುವುದಿಲ್ಲ. ತಿಳಿಸಿದ ಅಲ್ಪಸ್ವಲ್ಪವೂ ಅರ್ಧ ಸತ್ಯ.

ಮೊದಲು ಚಿತ್ರದ ಬಲ ಏನೆಂದು ಹೇಳಿಬಿಡುತ್ತೇನೆ. ವಿಕ್ಟೋರಿಯಾ ಸರೋವರದ ದಕ್ಷಿಣ ದಂಡೆಯಲ್ಲಿ, ತಾಂಜಾನಿಯಾದ ಮ್ವಾಂಜಾ ಎಂಬ ಊರಿದೆ. ಸೋವಿಯತ್ ಕಾಲದ ಇಲ್ಯೂಷಿನ್ ಸರಕು ವಿಮಾನಗಳು ಅಲ್ಲಿಗೆ ಬಂದಿಳಿಯುತ್ತವೆ, ಹೊರಗಿನಿಂದ ತಂದು ಬಿಟ್ಟ ಆ ಮೀನಾದ ನೈಲ್ ಪರ್ಚಿನ ಮುಳ್ಳಿಲ್ಲದ ತುಂಡುಗಳನ್ನು ತುಂಬಿಕೊಂಡು ಯುರೋಪಿಗೆ ಹಾರುತ್ತವೆ. ಮಾಂಸ ವಿಮಾನ ಹತ್ತಿದ ಮೇಲೆ ಉಳಿದ ತಲೆ ಮತ್ತು ಮೂಳೆ ಊರಿನ ಬಡವರ ಪಾಲು. ಹುಳ ಹತ್ತಿದ ಆ ಉಳಿಕೆಗಳನ್ನು ಹೆಂಗಸರು ಬಿಸಿಲಿಗೆ ಹರವಿ, ಎಣ್ಣೆಯಲ್ಲಿ ಕರಿಯುವ ದೃಶ್ಯವನ್ನು ಒಮ್ಮೆ ನೋಡಿದವರು ಮರೆಯಲಾರರು. ಮೀನು ಕಟ್ಟುವ ಪ್ಲಾಸ್ಟಿಕ್ಕನ್ನೇ ಕರಗಿಸಿ ಅದರ ಹೊಗೆ ಎಳೆದುಕೊಂಡು ಬೀದಿಯಲ್ಲಿ ಬೀಳುವ ಮಕ್ಕಳಿದ್ದಾರೆ. ಭಾರತೀಯ ಮೂಲದ ಕಾರ್ಖಾನೆ ಯಜಮಾನನ ಕೋಣೆಯಲ್ಲಿ, ಗುಂಡಿ ಒತ್ತಿದರೆ ಚಿಂತೆ ಬಿಡು, ಸುಖವಾಗಿರು ಎಂದು ಹಾಡುವ ರಬ್ಬರ್ ಮೀನಿದೆ. ಸಾಪರ್ ವ್ಯಾಖ್ಯಾನದ ದನಿಯನ್ನು ಎಲ್ಲಿಯೂ ಬಳಸುವುದಿಲ್ಲ. ಕೂತು ಕೇಳುತ್ತಾರೆ, ಎದುರಿಗಿರುವವರು ಮಾತಾಡುವವರೆಗೂ ಕಾಯುತ್ತಾರೆ. ವಿಮಾನ ಬರುವಾಗ ಏನು ತರುತ್ತದೆ ಎಂಬ ಪ್ರಶ್ನೆಯನ್ನು ಚಿತ್ರದುದ್ದಕ್ಕೂ ಎಲ್ಲರಿಗೂ ಕೇಳಿ, ಕೊನೆಗೆ ಒಬ್ಬ ಪೈಲಟ್ ತಾನು ಅಂಗೋಲಾಕ್ಕೆ ಸಾಗಿಸಿದ ಯುದ್ಧ ಸಾಮಗ್ರಿಯ ಬಗ್ಗೆ ತಡವರಿಸುತ್ತಾ ಬಾಯಿಬಿಡುವುದು ಈ ತಾಳ್ಮೆಯ ಫಲ.

ಚಿತ್ರ ತಾಂಜಾನಿಯಾ ಸರ್ಕಾರಕ್ಕೆ ಸಿಟ್ಟು ತರಿಸಿತು. 2006ರಲ್ಲಿ ಅಧ್ಯಕ್ಷ ಜಕಾಯ ಕಿಕ್ವೆಟೆ ಅವರೇ ಬಹಿರಂಗವಾಗಿ ಖಂಡಿಸಿದರು. ಫ್ರಾನ್ಸಿನ ಇತಿಹಾಸಕಾರ ಫ್ರಾಂಸ್ವಾ ಗಾರ್ಸೋನ್ ಇದನ್ನು ಮೋಸ ಎಂದು ಜರೆದಾಗ ಸಾಪರ್ ಮಾನನಷ್ಟ ಮೊಕದ್ದಮೆ ಹೂಡಿ ಗೆದ್ದರು. ಆ ಜಗಳವೆಲ್ಲ ನಡೆದದ್ದು ಬಂದೂಕಿನ ಸುತ್ತ. ಮ್ವಾಂಜಾದಲ್ಲಿ ಶಸ್ತ್ರಾಸ್ತ್ರ ಇಳಿದದ್ದಕ್ಕೆ ಪುರಾವೆ ಎಲ್ಲಿ ಎಂದು ಒಂದು ಪಕ್ಷ, ಪೈಲಟ್ಟೇ ಹೇಳಿಲ್ಲವೇ ಎಂದು ಇನ್ನೊಂದು ಪಕ್ಷ. ಸರೋವರದ ಬಗ್ಗೆ ಚಿತ್ರ ಹೇಳಿದ್ದು ಸರಿಯೇ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಮೂಲೆಗೆ ಸರಿಯಿತು. ಅದನ್ನೇ ಈಗ ಕೇಳಬೇಕಾಗಿದೆ.

ವಿಕ್ಟೋರಿಯಾ ಸರೋವರದ ಹರವು 68,000 ಚದರ ಕಿಲೋಮೀಟರಿಗೂ ಹೆಚ್ಚು, ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು. ಆಳ ಮಾತ್ರ ಎಲ್ಲಿಯೂ ನೂರು ಮೀಟರ್ ಮುಟ್ಟುವುದಿಲ್ಲ. ಈ ನೀರಿನಲ್ಲಿ ಸಿಕ್ಲಿಡ್ ಬಳಗದ 500ರಷ್ಟು ಜಾತಿಯ ಸಣ್ಣ ಮೀನುಗಳು ವಿಕಾಸ ಹೊಂದಿದ್ದವು. ಬಹುಪಾಲು ಜಾತಿಗಳು ಜಗತ್ತಿನ ಬೇರೆಲ್ಲೂ ಇಲ್ಲದವು. ದಂಡೆಯ ಜನ ಇವನ್ನೆಲ್ಲ ಒಟ್ಟಾಗಿ ಫುರು ಎನ್ನುತ್ತಾರೆ. ನೋಡಲು ಅಂಗೈಗಿಂತ ದೊಡ್ಡದಲ್ಲ, ಆದರೆ ಒಂದೊಂದರ ಕಸುಬು ಒಂದೊಂದು: ಒಂದು ಬಂಡೆಯ ಮೇಲಿನ ಪಾಚಿ ಕೆರೆಯುತ್ತದೆ, ಒಂದು ಬಸವನಹುಳುವಿನ ಚಿಪ್ಪು ಒಡೆಯುತ್ತದೆ, ಒಂದು ಬೇರೆ ಮೀನಿನ ಹುರುಪೆ ಕಿತ್ತು ತಿನ್ನುತ್ತದೆ. ತಾಯಿಮೀನು ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟು ಕಾಯುವ ಕುಲ ಇದು. ಆ ಬಾಯಿಂದಲೇ ಮರಿಗಳನ್ನು ಕಕ್ಕಿಸಿ ನುಂಗಿ ಬದುಕುವ ಜಾತಿಗಳೂ ಇದ್ದವು! ಇದ್ದವು ಎಂಬುದು ಭೂತಕಾಲ. 1980ರ ದಶಕದಲ್ಲಿ ನೈಲ್ ಪರ್ಚ್ ಸಂಖ್ಯೆ ಒಮ್ಮೆಲೇ ಏರಿ, ಸುಮಾರು 200 ಜಾತಿಯ ಫುರುಗಳು ಕಾಣೆಯಾದವೆಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ. ಎಷ್ಟೋ ಜಾತಿಗಳಿಗೆ ಸಂಶೋಧಕರು ಇಟ್ಟುಕೊಂಡ ಅಡ್ಡಹೆಸರು ಬಿಟ್ಟರೆ ಶಾಸ್ತ್ರೀಯ ಹೆಸರೂ ಸಿಕ್ಕಿರಲಿಲ್ಲ.

ಚಿತ್ರದ ಶೀರ್ಷಿಕೆಯಲ್ಲೇನೋ ಡಾರ್ವಿನ್ ಇದ್ದಾರೆ. ಆದರೆ 107 ನಿಮಿಷಗಳಲ್ಲಿ ಫುರುವಿಗೆ ಸಿಕ್ಕ ಪಾಲು ತೀರಾ ಕಡಿಮೆ. ಪರಿಸರ ಸಮ್ಮೇಳನವೊಂದರಲ್ಲಿ ಸರೋವರದ ಸಾವಿನ ಕುರಿತ ವಿಡಿಯೋ ಓಡುತ್ತದೆ, ಅಧಿಕಾರಿಯೊಬ್ಬರು ಕೆಟ್ಟದ್ದನ್ನೇ ಏಕೆ ತೋರಿಸುತ್ತೀರಿ ಎಂದು ಆಕ್ಷೇಪಿಸುತ್ತಾರೆ, ಅಲ್ಲಿಗೆ ಮುಗಿಯಿತು. ಇನ್ನೊಂದು ಸಂಗತಿ ಇದಕ್ಕಿಂತ ವಿಚಿತ್ರ. ಚಿತ್ರದ ಅತ್ಯಂತ ಕಾಡುವ ಪಾತ್ರ ವಿಷ ಸವರಿದ ಬಾಣ ಹಿಡಿದು ಕೂತ ಒಬ್ಬ ರಾತ್ರಿ ಕಾವಲುಗಾರ. ಯುದ್ಧ ಬಂದರೆ ಸೈನ್ಯದಲ್ಲಿ ಸಂಬಳ ಸಿಗುತ್ತದೆ ಎಂದು ನಿರುದ್ವೇಗದಿಂದ ಹೇಳುವ ಮನುಷ್ಯ. ಅವನು ಕಾಯುತ್ತಿರುವುದು ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಗೇಟನ್ನು. ಕ್ಯಾಮೆರಾ ಮತ್ತೆ ಮತ್ತೆ ಆ ಗೇಟಿನ ಬಳಿ ಬರುತ್ತದೆ, ಒಳಗೆ ಮಾಡುವ ಕೆಲಸದ ಬಗ್ಗೆ ಕುತೂಹಲವನ್ನೇ ತೋರುವುದಿಲ್ಲ. ಸರೋವರಕ್ಕೆ ಏನಾಯಿತು ಎಂದು ವರ್ಷಗಟ್ಟಲೆ ಬಲೆ ಎಳೆದು, ಮೀನು ಎಣಿಸಿ ಕಂಡುಕೊಂಡವರ ಜೊತೆ ಹಗಲಿನಲ್ಲಿ ಒಂದು ಅರ್ಧ ಗಂಟೆಯನ್ನಾದರೂ ಕಳೆಯಬೇಕಿತ್ತು.

ಎರಡನೆಯ ದೋಷ ಇನ್ನೂ ಗಂಭೀರ. 1960ರ ದಶಕದಲ್ಲಿ ಯಾರೋ ಮಾಡಿದ ಸಣ್ಣ ವೈಜ್ಞಾನಿಕ ಪ್ರಯೋಗದಿಂದ ಈ ಮೀನು ಬಂತು ಎಂಬಂತೆ ಚಿತ್ರದ ಪ್ರಚಾರ ಹೇಳುತ್ತದೆ. ನಡೆದದ್ದು ಹಾಗಲ್ಲ. ಬ್ರಿಟಿಷ್ ಆಡಳಿತದ ಮೀನುಗಾರಿಕಾ ಅಧಿಕಾರಿಗಳ ಕಣ್ಣಿಗೆ ಫುರು ಮುಳ್ಳು ತುಂಬಿದ ಕಸದ ಮೀನು. ಆ ಕಸವನ್ನು ತಿಂದು ಮಾರಾಟಯೋಗ್ಯ ಮಾಂಸವಾಗಿಸುವ ದೊಡ್ಡ ಮೀನೊಂದು ಬೇಕು, ಗಾಳ ಹಾಕಿ ಮೋಜು ಮಾಡಲಿಕ್ಕೂ ಆದೀತು ಎಂಬ ಲೆಕ್ಕ. ವಿರೋಧಿಸಿದವರು ವಿಜ್ಞಾನಿಗಳು. 1960ರಲ್ಲಿ ಜೆಫ್ರಿ ಫ್ರೈಯರ್ ಈ ಪ್ರಸ್ತಾಪವನ್ನೇ ವಿಷಯವಾಗಿಸಿ ಪ್ರಬಂಧ ಪ್ರಕಟಿಸಿ ಬೇಡವೆಂದರು. ಆಹಾರ ಸರಪಳಿಯ ಪ್ರತಿ ಮೆಟ್ಟಿಲಿನಲ್ಲೂ ಶಕ್ತಿ ನಷ್ಟವಾಗುತ್ತದೆ, ಸಣ್ಣ ಮೀನನ್ನು ನೇರವಾಗಿ ತಿನ್ನುವ ಬದಲು ದೊಡ್ಡ ಮೀನಿಗೆ ಹಾಕಿ ಅದನ್ನು ತಿನ್ನುವುದು ಲಾಭದ ಮಾತಲ್ಲ ಎಂಬುದು ಇಂಥ ವಾದದ ತಿರುಳು. ಆದರೆ ಚರ್ಚೆ ನಡೆಯುವ ಮೊದಲೇ ಮೀನು ನೀರಿಗೆ ಬಿದ್ದಾಗಿತ್ತು. 1954ರಲ್ಲಿ ಉಗಾಂಡಾದ ಕಡೆ ಗುಟ್ಟಾಗಿ ಮರಿ ಬಿಟ್ಟದ್ದನ್ನು ಸಂಶೋಧಕ ರಾಬರ್ಟ್ ಪ್ರಿಂಗಲ್ 2005ರ ಲೇಖನದಲ್ಲಿ ವಿವರವಾಗಿ ಬರೆದಿದ್ದಾರೆ. 1962–63ರಲ್ಲಿ ಬಿಟ್ಟದ್ದು ಅಧಿಕೃತವಾಗಿ. ಆಡಳಿತದ ನಿರ್ಧಾರವನ್ನು ವಿಜ್ಞಾನದ ತಲೆಗೆ ಕಟ್ಟುವ ಆ ಪ್ರಚಾರದ ಮಾತು ಬೇಡವೆಂದವರನ್ನೇ ಆರೋಪಿಗಳ ಸಾಲಿಗೆ ನಿಲ್ಲಿಸುತ್ತದೆ.

ಬಂದದ್ದು 1954ರಲ್ಲಿ, ಹಾವಳಿ 1980ರ ದಶಕದಲ್ಲಿ. ನಡುವಿನ ಇಪ್ಪತ್ತೈದು ವರ್ಷ ಈ ಮೀನು ಸುಮ್ಮನಿದ್ದದ್ದು ಏಕೆ? ಇಲ್ಲಿಂದ ಮುಂದೆ ಕಥೆ ಸಾಪರ್ ಹೇಳಿದ್ದಕ್ಕಿಂತ ಸಂಕೀರ್ಣ, ಹೆಚ್ಚು ಸ್ವಾರಸ್ಯದ್ದು ಕೂಡ. ಮ್ವಾಂಜಾ ಕಡೆ 1970ರ ದಶಕದಲ್ಲಿ ಟ್ರಾಲರ್ ಬಲೆ ಹಾಕಿ ಫುರು ಹಿಡಿದು ಮೀನುಪುಡಿ ಮಾಡುವ ಉದ್ಯಮವಿತ್ತು. ಪರ್ಚ್ ಮರಿಗಳ ಆಹಾರಕ್ಕೆ ಪೈಪೋಟಿ ಕೊಡುತ್ತಿದ್ದ, ಬಹುಶಃ ಆ ಮರಿಗಳನ್ನೇ ತಿನ್ನುತ್ತಿದ್ದ ಫುರುಗಳು ಹೀಗೆ ಮೊದಲೇ ತೆಳುವಾಗಿದ್ದವು. ದಂಡೆಯ ಕಾಡು ಕಡಿದು ಹೊಲ ಮಾಡಿದಂತೆ ಮಣ್ಣು ಮತ್ತು ಗೊಬ್ಬರದ ಅಂಶ ನೀರಿಗಿಳಿದು ಪಾಚಿ ದಟ್ಟವಾಯಿತು, ತಳದಲ್ಲಿ ಆಮ್ಲಜನಕ ಇಳಿಯಿತು, ನೀರು ಮಬ್ಬಾಯಿತು. ಮಬ್ಬು ನೀರೇ ಫುರುವಿಗೆ ಕುತ್ತು. ಹೆಣ್ಣು ಫುರು ಗಂಡನ್ನು ಆಯ್ದುಕೊಳ್ಳುವುದು ಬಣ್ಣ ನೋಡಿ. ಕಾಣದ ನೀರಿನಲ್ಲಿ ಕೆಂಪು ಯಾವುದು, ನೀಲಿ ಯಾವುದು ಎಂದು ತಿಳಿಯದೆ ಬೇರೆ ಬೇರೆ ಜಾತಿಗಳು ಬೆರೆತು ಒಂದಾಗತೊಡಗಿದವು. ಸಂಶೋಧಕ ಓಲೆ ಸೀಹೌಸನ್ ಮತ್ತು ಸಂಗಡಿಗರು 1997ರಲ್ಲಿ ಇದನ್ನು ತೋರಿಸಿಕೊಟ್ಟರು. ಪರ್ಚಿನ ಬಾಯಿಗೇ ಬೀಳದೆಯೂ ಒಂದು ಜಾತಿ ಅಳಿಯಬಹುದು ಎಂದಾಯಿತು. ಚಿತ್ರದಲ್ಲಿ ಇದಕ್ಕೆ ಜಾಗವಿಲ್ಲ, ಏಕೆಂದರೆ ಚಿತ್ರಕ್ಕೆ ಬೇಕಾದದ್ದು ಒಬ್ಬನೇ ಖಳನಾಯಕ.

ಹಾವಳಿಯ ಮರಿಕಥೆಗಳೂ ಅಷ್ಟೇ ಅದ್ಭುತ. ಫುರು ಖಾಲಿಯಾದ ಮೇಲೆ ಪರ್ಚ್ ಸಣ್ಣ ಸಿಗಡಿಯನ್ನೂ ಡಗಾ ಎಂಬ ಬೆಳ್ಳಿಬಣ್ಣದ ಪುಡಿಮೀನನ್ನೂ ತಿಂದಿತು, ತನ್ನ ಮರಿಗಳನ್ನೇ ತಿಂದಿತು. ನಮ್ಮ ಕೆರೆಗಳ ಮೇಲೆ ರೆಕ್ಕೆ ಬಡಿಯುತ್ತ ಒಂದೇ ಕಡೆ ನಿಂತು ನೀರಿಗೆ ದುಮುಕುವ ಕಪ್ಪುಬಿಳಿ ಮಿಂಚುಳ್ಳಿ ಅಲ್ಲಿಯೂ ಇದೆ. ಫುರು ಸಿಗದೆ ಅದು ಡಗಾಕ್ಕೆ ಇಳಿಯಿತು, ಡಗಾ ತೀರಾ ಚಿಕ್ಕದಾದ್ದರಿಂದ ಹೊಟ್ಟೆ ತುಂಬಲು ಮೊದಲಿಗಿಂತ ಹೆಚ್ಚು ಸಲ ಮುಳುಗಬೇಕಾಯಿತು. ದಂಡೆಯ ಮೇಲೂ ಬದಲಾವಣೆ. ಫುರುವನ್ನು ಬಿಸಿಲಲ್ಲಿ ಒಣಗಿಸಿದರೆ ಸಾಕಿತ್ತು. ಪರ್ಚಿನ ಮೈತುಂಬ ಕೊಬ್ಬು, ಹೊಗೆಯಲ್ಲಿ ಬೇಯಿಸದೆ ಉಳಿಯುವುದಿಲ್ಲ. ಹೊಗೆಗೆ ಸೌದೆ, ಸೌದೆಗೆ ಕಾಡು, ಕಾಡು ಹೋದರೆ ಮಣ್ಣು ಮತ್ತೆ ಸರೋವರಕ್ಕೆ. ಸಣ್ಣ ಮೀನು ಒಣಗಿಸಿ ಮಾರುತ್ತಿದ್ದ ಹೆಂಗಸರ ಕೈಯಿಂದ ವ್ಯಾಪಾರ ಜಾರಿ ಕಾರ್ಖಾನೆಗೆ ಹೋಯಿತು. ಸಾಪರ್ ತೋರಿಸುವ ಬಡತನದ ಬೇರು ಇಲ್ಲಿದೆ, ಚಿತ್ರ ಎಲೆಗಳನ್ನು ಮಾತ್ರ ತೋರಿಸುತ್ತದೆ.

ಇನ್ನು ಎಲ್ಲಕ್ಕಿಂತ ಇರಿಸುಮುರಿಸಿನ ಸಂಗತಿ. 1990ರ ದಶಕದಲ್ಲಿ ರಫ್ತಿಗಾಗಿ ಪರ್ಚನ್ನು ಎಗ್ಗಿಲ್ಲದೆ ಹಿಡಿದದ್ದರಿಂದ ಅದರ ಸಂಖ್ಯೆ ಇಳಿಯಿತು, ಮ್ವಾಂಜಾ ಕೊಲ್ಲಿಯಲ್ಲಿ ಕೆಲವು ಫುರು ಜಾತಿಗಳು ಮರಳಿ ಕಂಡವು. ಮರಳಿದವು ಹಳೆಯ ಫುರುಗಳೇ ಅಲ್ಲ. ಆಮ್ಲಜನಕ ಕಡಿಮೆಯಾದ ನೀರಿಗೆ ತಕ್ಕಂತೆ ಕೆಲವಕ್ಕೆ ಕಿವಿರು ದೊಡ್ಡದಾಗಿತ್ತು, ಊಟ ಬದಲಾಗಿತ್ತು. ಸಾಪರ್ ಕ್ಯಾಮೆರಾ ಹಿಡಿದು ಮ್ವಾಂಜಾದಲ್ಲಿ ಓಡಾಡುವ ಹೊತ್ತಿಗೆ ಇದೆಲ್ಲ ಶುರುವಾಗಿತ್ತು. ಅಂದರೆ ಚಿತ್ರ ಶಪಿಸುವ ಅದೇ ರಫ್ತು ಉದ್ಯಮ, ತನಗೆ ಗೊತ್ತಿಲ್ಲದೆಯೇ, ಅಳಿದುಳಿದ ಫುರುವಿಗೆ ಉಸಿರಾಡಲು ಎಡೆ ಕೊಟ್ಟಿತ್ತು. ಉದ್ಯಮ ಒಳ್ಳೆಯದೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ದೊಡ್ಡ ಮೀನು ಸಣ್ಣ ಮೀನನ್ನು ನುಂಗಿತು, ಶ್ರೀಮಂತ ದೇಶ ಬಡ ದೇಶವನ್ನು ನುಂಗಿತು ಎಂಬ ಚಿತ್ರದ ಮೂಲ ಸಾಮ್ಯ ಇಲ್ಲಿಗೆ ಬಂದರೆ ಕುಸಿದು ಬೀಳುತ್ತದೆ.

ಸರೋವರದಿಂದ ಸಿಕ್ಕುವ ಒಟ್ಟು ಮೀನು 1970ರ ದಶಕದಲ್ಲಿ ವರ್ಷಕ್ಕೆ ಸುಮಾರು 1 ಲಕ್ಷ ಟನ್ ಇದ್ದದ್ದು 1990ರ ಹೊತ್ತಿಗೆ 5 ಲಕ್ಷ ಟನ್ನಿನ ಆಸುಪಾಸಿಗೆ ಏರಿತ್ತು. ಪರ್ಚ್ ಬಿಟ್ಟದ್ದೇ ಸರಿ ಎನ್ನುವವರು ಈ ಲೆಕ್ಕವನ್ನು ಮುಂದಿಡುತ್ತಾರೆ. ಟನ್ನಿನ ಈ ತಕ್ಕಡಿ ನಮಗೂ ಪರಿಚಯದ್ದೇ. ಜಿಲೇಬಿ ಎಂದು ಜನ ಕರೆಯುವ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂದದ್ದು, ಗಂಗಾ ಬಯಲಿನ ಕಾಟ್ಲಾ, ರೋಹು, ಮೃಗಾಲ್ ನಮ್ಮ ಕೆರೆ ಜಲಾಶಯಗಳಿಗೆ ಬಂದದ್ದು, ನಿಷೇಧವಿದ್ದರೂ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದು ನಿಲ್ಲದಿರುವುದು, ಎಲ್ಲದರ ಹಿಂದೆ ಇರುವುದು ಹೆಕ್ಟೇರಿಗೆ ಎಷ್ಟು ಕಿಲೋ ಎಂಬ ಪ್ರಶ್ನೆಯೇ. ಕೆರೆ ಹರಾಜಿನ ಕಾಗದದಲ್ಲಿ ನಾಟಿ ಮೀನಿಗೆ ಅಂಕಣವಿರುವುದಿಲ್ಲ. ವಿಕ್ಟೋರಿಯಾದ ಕಥೆ ನಮಗೆ ಬೇಕಾಗಿರುವುದು ಮುಖ್ಯವಾಗಿ ಈ ಕಾರಣಕ್ಕೆ, ಅದಕ್ಕೇ ಅದು ಪೂರ್ತಿಯಾಗಿ ಬೇಕು.

ಪೂರ್ತಿ ಕಥೆ ಹೇಳಿದ ಕೃತಿ ಇದೆ, ಚಿತ್ರಕ್ಕಿಂತ ಹತ್ತು ವರ್ಷ ಹಳೆಯದು. ಡಚ್ ಜೀವವಿಜ್ಞಾನಿ ಟೈಸ್ ಗೋಲ್ಡ್‌ಸ್ಮಿಟ್ 1994ರಲ್ಲಿ ಬರೆದ ಪುಸ್ತಕ 1996ರಲ್ಲಿ ‘ಡಾರ್ವಿನ್ಸ್ ಡ್ರೀಮ್‌ಪಾಂಡ್’ ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಬಂತು. ಲೈಡನ್ ವಿಶ್ವವಿದ್ಯಾಲಯದ ತಂಡದ ಸದಸ್ಯರಾಗಿ ಮ್ವಾಂಜಾದಲ್ಲೇ ಇದ್ದುಕೊಂಡು ಫುರು ಅಧ್ಯಯನ ಮಾಡಿದವರು ಅವರು. ಅಭ್ಯಾಸಕ್ಕೆಂದು ಹೋದ ಮೀನುಗಳೇ ಕಣ್ಣೆದುರು ಬಲೆಯಿಂದ ಮಾಯವಾಗುವುದನ್ನು ಅವರು ಅಳುಮೋರೆ ಹಾಕದೆ, ಅಲ್ಲಲ್ಲಿ ನಗಿಸುತ್ತಾ ಬರೆಯುತ್ತಾರೆ. ಒಂದು ಮೀನಿನ ದವಡೆ ಹೇಗೆ ಕೆಲಸ ಮಾಡುತ್ತದೆ ಎಂದು ವಿವರಿಸಲು ಪುಟಗಟ್ಟಲೆ ತೆಗೆದುಕೊಳ್ಳುತ್ತಾರೆ, ಕೆಲವೆಡೆ ಓದುಗನ ತಾಳ್ಮೆ ಪರೀಕ್ಷಿಸುವಷ್ಟು. ಆದರೆ ಆ ದವಡೆ ಅರ್ಥವಾದ ಮೇಲೆಯೇ 200 ಜಾತಿ ಹೋಯಿತು ಎಂಬ ಮಾತಿಗೆ ತೂಕ ಬರುವುದು. ಊರಿನ ಬಡತನದ ವಿಷಯದಲ್ಲಿ ಈ ಪುಸ್ತಕ ಚಿತ್ರದಷ್ಟು ಹರಿತವಲ್ಲ, ಅದನ್ನು ಒಪ್ಪಬೇಕು.

ಸಾಪರ್ ಚಿತ್ರವನ್ನು ವ್ಯಾಪಾರ ಮತ್ತು ಹಸಿವಿನ ಚಿತ್ರವೆಂದು ನೋಡಿದರೆ ಅದು ಈ ಕಾಲದ ಶ್ರೇಷ್ಠ ಸಾಕ್ಷ್ಯಚಿತ್ರಗಳಲ್ಲಿ ಒಂದು. ಮೀನುಗಾರಿಕೆ ಕಲಿಸುವ ತರಗತಿಗಳಲ್ಲಿ, ಕೆರೆ ಉಳಿಸುವ ಸಭೆಗಳಲ್ಲಿ ಇದನ್ನು ಪರದೆಗೆ ಹಾಕುವವರು ಮಾತ್ರ ಸರೋವರದ ಬಗ್ಗೆ ಇದನ್ನು ನೆಚ್ಚಿಕೊಳ್ಳಬಾರದು. ಎರಡರಲ್ಲಿ ಒಂದಕ್ಕೆ ಮಾತ್ರ ನಿಮಗೆ ಬಿಡುವಿದ್ದರೆ ಗೋಲ್ಡ್‌ಸ್ಮಿಟ್ ಅವರ ಪುಸ್ತಕವನ್ನೇ ಆರಿಸಿಕೊಳ್ಳಿ.