ಎಂಟು ಮತ್ತು ಮೂವತ್ತು: ಸ್ಪರ್ಧಾಗಣಿತದ ಪರಿಹಾರಗದ್ಯವನ್ನು ಕುರಿತು

1988ರಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡಿನ ಆರನೆಯ ಸಮಸ್ಯೆ ಎರಡೇ ಸಾಲಿನದು. ಅ, ಬ ಎಂಬವು ಧನ ಪೂರ್ಣಾಂಕಗಳು. ಅ² + ಬ² ಎಂಬ ಮೊತ್ತವನ್ನು (ಅ × ಬ) + 1 ನಿಃಶೇಷವಾಗಿ ಭಾಗಿಸುತ್ತದೆ. ಹಾಗಿದ್ದರೆ ದೊರೆಯುವ ಭಾಗಲಬ್ಧವು ಪೂರ್ಣವರ್ಗವೆಂದು ಸಾಧಿಸಬೇಕು. ಪ್ರೌಢಶಾಲೆಯ ವಿದ್ಯಾರ್ಥಿಗೆ ಅರ್ಥವಾಗದ ಒಂದು ಪದವೂ ಇದರಲ್ಲಿಲ್ಲ. ಆದರೂ, ಆರ್ಥರ್ ಎಂಗೆಲ್ ತಮ್ಮ ಸಮಸ್ಯಾಪರಿಹಾರದ ಗ್ರಂಥದಲ್ಲಿ ದಾಖಲಿಸಿರುವಂತೆ, ಆತಿಥೇಯ ದೇಶದ ಸಮಸ್ಯಾಸಮಿತಿಯ ಆರು ಮಂದಿಯಲ್ಲಿ ಯಾರಿಗೂ ಇದು ಬಿಡಿಸಲಾಗಲಿಲ್ಲ. ಸಂಖ್ಯಾಸಿದ್ಧಾಂತದಲ್ಲಿ ಹೆಸರಾದ ಅಲ್ಲಿನ ನಾಲ್ವರು ವಿದ್ವಾಂಸರು ಆರು ಗಂಟೆಗಳ ಕಾಲ ಪ್ರಯತ್ನಿಸಿ ಕೈಚೆಲ್ಲಿದರು. ಪರೀಕ್ಷೆಯಲ್ಲಿ ಹನ್ನೊಂದು ಮಂದಿ ವಿದ್ಯಾರ್ಥಿಗಳು ಪೂರ್ಣಾಂಕ ಪಡೆದರು.

ಈ ಪ್ರಸಂಗವನ್ನು ಪ್ರತಿಭೆಯ ಪವಾಡವೆಂಬಂತೆ ಹೇಳುವುದು ರೂಢಿ. ಸಾಹಿತ್ಯವಿಮರ್ಶೆಯ ಕಣ್ಣಿಗೆ ಅದಕ್ಕಿಂತ ಮುಖ್ಯವಾಗಿ ಕಾಣಬೇಕಾದುದು ಆ ಸಮಸ್ಯೆಗೆ ಇಂದು ಎಲ್ಲೆಡೆ ಅಚ್ಚಾಗಿರುವ ಪರಿಹಾರದ ಗದ್ಯ. ಒಲಿಂಪಿಯಾಡಿನ ಉತ್ತರ ಒಂದು ಸಂಖ್ಯೆಯಲ್ಲ, ಒಂದು ಬರಹ. ದಿನಕ್ಕೆ ನಾಲ್ಕೂವರೆ ಗಂಟೆಯಂತೆ ಎರಡು ದಿನ, ಆರು ಸಮಸ್ಯೆ, ತಲಾ ಏಳು ಅಂಕ. ಅಂಕ ಸಲ್ಲುವುದು ವಾದ ಕಟ್ಟುವ ಕ್ರಮಕ್ಕೆ. ಆದುದರಿಂದ ಇದನ್ನು ಒಂದು ಗದ್ಯಪ್ರಕಾರವೆಂದು ಓದುವುದರಲ್ಲಿ ಅತಿಶಯೋಕ್ತಿಯೇನಿಲ್ಲ.

ಆ ಪ್ರಸಿದ್ಧ ಪರಿಹಾರ ಹೀಗೆ ಸಾಗುತ್ತದೆ. ಭಾಗಲಬ್ಧವನ್ನು ಕ ಎನ್ನೋಣ. ಅದು ಪೂರ್ಣವರ್ಗವಲ್ಲ ಎಂದಿರಲಿ. ಈ ಕ ದೊರೆಯುವ ಜೋಡಿಗಳ ಪೈಕಿ ಮೊತ್ತ ಅತಿ ಕಡಿಮೆಯಿರುವ ಜೋಡಿಯನ್ನು ಆರಿಸಿ, ಅದರಲ್ಲಿ ಅ ಎಂಬುದು ಬಗಿಂತ ಚಿಕ್ಕದಲ್ಲವೆಂದು ಇಟ್ಟುಕೊಳ್ಳಬೇಕು. ಈಗ ಬ, ಕ ಎರಡನ್ನೂ ಸ್ಥಿರವಾಗಿರಿಸಿ ಅ ಇರುವ ಕಡೆ ಅವ್ಯಕ್ತವನ್ನಿಟ್ಟರೆ ಒಂದು ವರ್ಗಸಮೀಕರಣ ಏರ್ಪಡುತ್ತದೆ. ಅದರ ಒಂದು ಮೂಲ ಅ. ಇನ್ನೊಂದನ್ನು ಚ ಎಂದರೆ, ಮೂಲಗಳ ಮೊತ್ತ ಕ × ಬ ಆದುದರಿಂದ ಚ ಪೂರ್ಣಾಂಕ; ಮೂಲಗಳ ಗುಣಲಬ್ಧ ಬ² – ಕ ಆದುದರಿಂದ ಚ ಸೊನ್ನೆಯಾದರೆ ಕ ಪೂರ್ಣವರ್ಗವಾಗಿಬಿಡುತ್ತದೆ, ಅದನ್ನು ನಿರಾಕರಿಸಿಯಾಗಿದೆ. ಚ ಋಣಸಂಖ್ಯೆಯೂ ಆಗಲಾರದು. ಆದರೆ ಸಮೀಕರಣದ ಎಡಬದಿ ಸೊನ್ನೆಗಿಂತ ಹೆಚ್ಚಾಗಿ ಉಳಿಯುತ್ತದೆ. ಹಾಗಾಗಿ ಚ ಧನ ಪೂರ್ಣಾಂಕ. ಅ × ಚ ಎಂಬುದು ಬ²ಗಿಂತ ಕಡಿಮೆ, ಅ ಎಂಬುದು ಬಗಿಂತ ಚಿಕ್ಕದಲ್ಲ; ಆದುದರಿಂದ ಚ ಎಂಬುದು ಅಗಿಂತ ಚಿಕ್ಕದು. ಅತಿ ಕಡಿಮೆ ಮೊತ್ತದ್ದೆಂದು ಆರಿಸಿಕೊಂಡ ಜೋಡಿಗಿಂತ ಕಡಿಮೆ ಮೊತ್ತದ ಜೋಡಿಯೊಂದು ಕೈಗೆ ಬಂತು. ವಿರೋಧ.

ವಾದದಲ್ಲಿ ಲೋಪವಿಲ್ಲ. ಆದರೆ ಓದಿ ಮುಗಿಸಿದ ವಿದ್ಯಾರ್ಥಿಯ ಮನಸ್ಸಿನಲ್ಲಿ ಉಳಿಯುವ ಪ್ರಶ್ನೆ ಬೇರೆ: ಆ ಎರಡನೆಯ ಮೂಲವನ್ನು ಹುಡುಕಬೇಕೆಂದು ಯಾರಿಗಾದರೂ ಏಕೆ ಹೊಳೆಯಬೇಕು? ಅಚ್ಚಾದ ಪರಿಹಾರ ಇದಕ್ಕೆ ಬಾಯಿಬಿಡುವುದಿಲ್ಲ. ನಾಟಕದ ಕೊನೆಯ ಅಂಕದಲ್ಲಿ ಮೇಲಿನಿಂದ ದೇವತೆಯನ್ನು ಇಳಿಸಿ ಕಥೆ ಮುಗಿಸುವುದನ್ನು ವಿಮರ್ಶೆ ದೋಷವೆಂದೇ ಎಣಿಸಿದೆ. ಇಲ್ಲಿ ದೇವತೆ ಮೊದಲ ಅಂಕದಲ್ಲೇ ಇಳಿದಿದೆ, ಅಷ್ಟೇ ವ್ಯತ್ಯಾಸ.

ಹೊಳೆಯುವ ದಾರಿ ಇಲ್ಲದೇ ಇಲ್ಲ. ಸಮಸ್ಯೆಯನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕತೊಡಗಿದವರಿಗೆ ಮೊದಲು ಸಿಗುವುದು 2 ಮತ್ತು 8: ವರ್ಗಗಳ ಮೊತ್ತ 68, ಭಾಜಕ 17, ಭಾಗಲಬ್ಧ 4. ಆಮೇಲೆ 3 ಮತ್ತು 27: ಮೊತ್ತ 738, ಭಾಜಕ 82, ಭಾಗಲಬ್ಧ 9. ಒಂದು ಸಂಖ್ಯೆ ಮತ್ತು ಅದರ ಘನ, ಇಷ್ಟೇ ಗುಟ್ಟು ಎನ್ನಿಸುತ್ತದೆ. ಹುಡುಕಾಟ ಮುಂದುವರಿದರೆ 8 ಮತ್ತು 30 ಎಂಬ ಜೋಡಿ ಅಡ್ಡ ಬರುತ್ತದೆ. ಮೊತ್ತ 964, ಭಾಜಕ 241, ಭಾಗಲಬ್ಧ ಮತ್ತೆ 4. ಮೂವತ್ತು ಯಾವುದರ ಘನವೂ ಅಲ್ಲ, ಊಹೆ ಮುರಿಯಿತು. ಆದರೆ ಮುರಿದ ಜಾಗದಲ್ಲಿಯೇ ಬಾಗಿಲಿದೆ. ಹಿಂದಿನ ಜೋಡಿಯಲ್ಲಿ ದೊಡ್ಡದಾಗಿದ್ದ ಎಂಟು ಇಲ್ಲಿ ಚಿಕ್ಕದು, ಭಾಗಲಬ್ಧ ಅದೇ. ಅಂದರೆ ಇವು ಬಿಡಿ ಜೋಡಿಗಳಲ್ಲ, ಒಂದೇ ಸರಪಳಿಯ ಕೊಂಡಿಗಳು: 0, 2, 8, 30, 112. ಪ್ರತಿಯೊಂದು ಸಂಖ್ಯೆಯೂ ತನ್ನ ಹಿಂದಿನದರ ನಾಲ್ಕರಷ್ಟರಲ್ಲಿ ಅದಕ್ಕೂ ಹಿಂದಿನದನ್ನು ಕಳೆದದ್ದು. ಎಂಟಕ್ಕೆ ಎರಡು ಕಡೆ ನೆಂಟರಿದ್ದಾರೆ, ಎರಡು ಮತ್ತು ಮೂವತ್ತು. ಅವರಿಬ್ಬರೂ ಒಂದೇ ವರ್ಗಸಮೀಕರಣದ ಎರಡು ಮೂಲಗಳು. ಇಷ್ಟು ಕಂಡವರು ಸರಪಳಿ ಹಿಡಿದು ಕೆಳಗಿಳಿಯದೆ ಇರಲಾರರು. ಅಚ್ಚಿನ ಪರಿಹಾರದಲ್ಲಿ ಈ ಮೂವತ್ತರ ಸುಳಿವೇ ಇಲ್ಲ.

ಮಹಾವೀರಾಚಾರ್ಯನ ‘ಗಣಿತಸಾರಸಂಗ್ರಹ’ದ ಹೆಸರೆತ್ತಿ, ಇಂಥ ಸಮಸ್ಯೆಗಳು ಅಮೋಘವರ್ಷನ ಕಾಲದಲ್ಲೇ ನಮ್ಮಲ್ಲಿದ್ದವು ಎನ್ನುವ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಅದು ಅರ್ಧ ನಿಜ. ಹಣ್ಣುಮರಗಳಿಂದಲೂ ಹಕ್ಕಿಗಳ ದನಿಯಿಂದಲೂ ತುಂಬಿದ ಕಾಡಿನಂಚಿನಲ್ಲಿ 63 ಸಮನಾದ ಬಾಳೆಹಣ್ಣಿನ ರಾಶಿಗಳು ಮತ್ತು ಬಿಡಿಯಾದ 7 ಹಣ್ಣುಗಳನ್ನು 23 ಪ್ರಯಾಣಿಕರು ಸಮವಾಗಿ ಹಂಚಿಕೊಂಡರೆ ರಾಶಿಯೊಂದರಲ್ಲಿ ಎಷ್ಟು ಹಣ್ಣು ಎಂಬ ಅವನ ಲೆಕ್ಕ ಇಂದಿನ ಸ್ಪರ್ಧಾಪತ್ರಿಕೆಯ ಮೊದಲ ಹಂತದಲ್ಲೂ ಸಲ್ಲುವಂಥದು. ರಾಶಿಗೆ ಐದು ಹಣ್ಣೆಂದರೆ ಒಟ್ಟು 322, ಒಬ್ಬೊಬ್ಬರಿಗೆ 14; ಐದಕ್ಕೆ ಇಪ್ಪತ್ತಮೂರರಂತೆ ಕೂಡಿಸುತ್ತ ಹೋದರೆ ಉಳಿದ ಉತ್ತರಗಳು. ಆದರೆ ಅಲ್ಲಿ ಕುಟ್ಟೀಕಾರದ ಸೂತ್ರ ಮೊದಲು, ಉದಾಹರಣೆ ಆಮೇಲೆ. ವಿದ್ಯಾರ್ಥಿ ಒಪ್ಪಿಸಬೇಕಾದುದು ಒಂದು ಸಂಖ್ಯೆಯನ್ನು. ಇಲ್ಲಿ ಸೂತ್ರವನ್ನು ಯಾರೂ ಕೊಡುವುದಿಲ್ಲ, ಒಪ್ಪಿಸಬೇಕಾದುದು ವಾದವನ್ನು. ಹನ್ನೆರಡನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲೇ ‘ವ್ಯವಹಾರಗಣಿತ’ವನ್ನು ಬರೆದನೆಂಬುದು ಹೆಮ್ಮೆಯ ಸಂಗತಿ, ಹಾಗೆಂದು ಆ ಪರಂಪರೆಯಿಂದ ಸಾಧನೆಯ ಗದ್ಯವೂ ತಾನಾಗಿ ಇಳಿದುಬಂದಿದೆ ಎಂದುಕೊಳ್ಳುವುದು ಸೋಮಾರಿತನ.

ಈ ಗದ್ಯ ಒಂದು ಭಾಷೆಯೊಳಗೆ ಹೇಗೆ ಬೆಳೆಯುತ್ತದೆಂಬುದಕ್ಕೆ ಹಂಗೇರಿಯ ನಿದರ್ಶನವಿದೆ. 1894ರಲ್ಲಿ ಗ್ಯೋರ್ ಪಟ್ಟಣದ ಶಿಕ್ಷಕ ಡಾನಿಯೆಲ್ ಅರಾನ್ಯಿ ಪ್ರೌಢಶಾಲೆಯವರಿಗಾಗಿ ಒಂದು ಗಣಿತ ಮಾಸಪತ್ರಿಕೆ ತೆಗೆದರು; ‘ಕೊಮಾಲ್’ ಎಂಬ ಹ್ರಸ್ವನಾಮದಿಂದ ಅದು ಇಂದಿಗೂ ಪರಿಚಿತ. ಅದೇ ವರ್ಷ ಆ ದೇಶದಲ್ಲಿ ಎಯೋಟ್ವೊಷ್ ಸ್ಪರ್ಧೆಯೂ ಮೊದಲಾಯಿತು. ಪತ್ರಿಕೆಯಲ್ಲಿ ಸಮಸ್ಯೆಗಳು ಪ್ರಕಟವಾಗುತ್ತಿದ್ದವು, ಊರೂರಿನ ಮಕ್ಕಳು ಪರಿಹಾರ ಬರೆದು ಕಳಿಸುತ್ತಿದ್ದರು, ಉತ್ತಮವಾದುವು ಬರೆದವರ ಹೆಸರಿನೊಂದಿಗೆ ಅಚ್ಚಾಗುತ್ತಿದ್ದವು. ಮುಂದೆ ಉತ್ತಮ ಪರಿಹಾರಕರ ಭಾವಚಿತ್ರಗಳೂ ಬಂದವು. ಪೌಲ್ ಎರ್ಡೋಶ್, ಎಸ್ತರ್ ಕ್ಲೈನ್, ಜಾರ್ಜ್ ಸೆಕೆರೆಶ್ ಆ ಪುಟಗಳಲ್ಲಿ ಬೆಳೆದವರು. ಕ್ಯಾನ್‌ಬೆರಾದ ಸಮಸ್ಯೆಯ ಮುಂದೆ ಸೋತ ಸಮಿತಿಯ ಆರು ಮಂದಿಯಲ್ಲಿ ಇಬ್ಬರು ಇದೇ ಸೆಕೆರೆಶ್ ದಂಪತಿ. 1929ರಲ್ಲಿ ಯೋಜೆಫ್ ಕ್ಯುರ್ಷಾಕ್ ಆ ಸ್ಪರ್ಧೆಯ ಸಮಸ್ಯೆಗಳನ್ನು ಗ್ರಂಥವಾಗಿಸಿದಾಗ ಒಂದೊಂದಕ್ಕೆ ಹಲವು ಪರಿಹಾರಗಳನ್ನೂ ಅವುಗಳ ಹಿನ್ನೆಲೆಯ ಟಿಪ್ಪಣಿಗಳನ್ನೂ ಸೇರಿಸಿದರು. ಮಕ್ಕಳು ಬರೆದದ್ದನ್ನು ಹಿರಿಯರು ಓದಿ, ತಿದ್ದಿ, ಹೋಲಿಸಿ, ಮತ್ತೆ ಮಕ್ಕಳ ಕೈಗಿತ್ತ ಈ ಕೊಡುಕೊಳೆಯಲ್ಲಿ ಹಂಗೇರಿಯನ್ ಗಣಿತಗದ್ಯ ಹದಗೊಂಡಿತು. ಪದಕೋಶ ಸಮಿತಿಯೊಂದರಿಂದ ಆಗುವ ಕೆಲಸ ಅದಲ್ಲ. 1920ರ ಒಪ್ಪಂದದ ಬಳಿಕ ಆ ಭಾಷಿಕರಲ್ಲಿ ದೊಡ್ಡ ಪಾಲು ರುಮೇನಿಯ, ಚೆಕೊಸ್ಲೊವಾಕಿಯ, ಯುಗೊಸ್ಲಾವಿಯಗಳ ಗಡಿಯೊಳಗೆ ಉಳಿದುಹೋದರೆಂಬುದು ಈ ಪತ್ರಿಕೆಯ ಓದುಗರಿಗೆ ಅಪರಿಚಿತವೆನಿಸಲಾರದ ಸ್ಥಿತಿ.

ಒಲಿಂಪಿಯಾಡ್ ತಾನೇ ಅನುವಾದದ ಮೇಲೆ ನಿಂತ ಸಂಸ್ಥೆ. ಸಮಸ್ಯೆಯ ಪಠ್ಯ ಇಂಗ್ಲಿಷ್ ಮೊದಲಾದ ಕೆಲವು ಭಾಷೆಗಳಲ್ಲಿ ಸ್ಥಿರಗೊಂಡ ಮೇಲೆ ತಂಡದ ನಾಯಕರು ಅದನ್ನು ತಮ್ಮ ಭಾಷೆಗೆ ತರುತ್ತಾರೆ. ಸ್ಪರ್ಧಿ ತನ್ನ ಭಾಷೆಯಲ್ಲೇ ಉತ್ತರ ಬರೆಯಬಹುದು, ನಾಯಕರು ಅದನ್ನು ಅಂಕ ನೀಡುವವರಿಗೆ ವಿವರಿಸುತ್ತಾರೆ. ಭಾರತ 1989ರಿಂದ ಭಾಗವಹಿಸುತ್ತಿದೆ, 1996ರಲ್ಲಿ ಮುಂಬಯಿಯಲ್ಲಿ ಆತಿಥ್ಯವನ್ನೂ ವಹಿಸಿತು. ತರಬೇತಿಯ ಪ್ರಮುಖ ಗ್ರಂಥವೊಂದರ ಕರ್ತೃಗಳಲ್ಲಿ ಸಿ. ಆರ್. ಪ್ರಾಣೇಶಾಚಾರ್, ಬಿ. ಜೆ. ವೆಂಕಟಾಚಲ ಅವರಂಥ ಬೆಂಗಳೂರಿನ ವಿದ್ವಾಂಸರಿದ್ದಾರೆ. ಗ್ರಂಥ ಇಂಗ್ಲಿಷಿನಲ್ಲಿದೆ. ಇದನ್ನು ದೂರೆಂದು ಹೇಳುತ್ತಿಲ್ಲ. ಅವರು ಓದುಗರಿದ್ದ ಕಡೆ ಬರೆದರು. ಆದರೆ ಕಾಸರಗೋಡಿನಲ್ಲೋ ಜತ್ತದಲ್ಲೋ ಹತ್ತು ವರ್ಷ ಕನ್ನಡದಲ್ಲಿ ಗಣಿತ ಓದಿದ ಮಗು ಮೊದಲ ಬಾರಿಗೆ ಒಂದು ಸಾಧನೆಯನ್ನು ಆದ್ಯಂತ ಓದುವ ಹೊತ್ತಿಗೆ ಭಾಷೆ ಬದಲಾಗಿರುತ್ತದೆ.

ಕನ್ನಡದಲ್ಲಿ ಇದಕ್ಕೆ ಪದಗಳಿಲ್ಲ ಎನ್ನುವ ಆಕ್ಷೇಪ ನಿಲ್ಲುವುದಿಲ್ಲ. ಮೇಲಿನ ಪರಿಹಾರಕ್ಕೆ ಬೇಕಾದ ಪದಗಳೆಲ್ಲ ಶಾಲಾಪುಸ್ತಕದಲ್ಲಿವೆ. ಕೊರತೆಯಿರುವುದು ವಾಕ್ಯಗಳ ಬಳಕೆಯಲ್ಲಿ. ಕನ್ನಡದ ವ್ಯಾಕರಣವಾದರೋ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ಇಂಗ್ಲಿಷಿನ ‘ಎನಿ’ ಎಂಬ ಪದ ಒಮ್ಮೆ ‘ಎಲ್ಲವೂ’ ಎಂದೂ ಇನ್ನೊಮ್ಮೆ ‘ಒಂದಾದರೂ’ ಎಂದೂ ಅರ್ಥ ಕೊಟ್ಟು ಅನುಭವಿಗಳನ್ನೂ ಎಡವಿಸುತ್ತದೆ. ಕನ್ನಡದಲ್ಲಿ ‘ಯಾವುದೇ ಸಂಖ್ಯೆ’ ಬೇರೆ, ‘ಯಾವುದೋ ಒಂದು ಸಂಖ್ಯೆ’ ಬೇರೆ. ತರ್ಕಶಾಸ್ತ್ರ ಎರಡು ಚಿಹ್ನೆಗಳನ್ನು ಕಲ್ಪಿಸಿ ಸಾಧಿಸಿದ ಭೇದವನ್ನು ಏಕಾರ ಓಕಾರಗಳು ಮನೆಮಾತಿನಲ್ಲೇ ಸಾಧಿಸಿವೆ. ‘ಎಂದಿರಲಿ’ ಎಂಬ ಪ್ರಯೋಗವೂ ಅಂಥದೇ. ಅದರಲ್ಲಿ ‘ನೀನು ಹೇಳಿದಂತೆಯೇ ಆಗಲಿ, ಮುಂದೇನಾಗುತ್ತದೆ ನೋಡು’ ಎಂಬ ಪೂರ್ವಪಕ್ಷದ ಧಾಟಿ ಅಡಗಿದೆ. ವಿರೋಧದಿಂದ ಸಾಧಿಸುವ ವಾದಕ್ಕೆ ಅದಕ್ಕಿಂತ ಒಪ್ಪುವ ಆರಂಭ ಸಿಗಲಾರದು. ಇದಕ್ಕೆ ಪ್ರತಿಯಾಗಿ, ‘ಸ್ಪಷ್ಟವಾಗಿ, ಚ ಪೂರ್ಣಾಂಕವಾಗಿದೆ’ ಎಂಬ ಬಗೆಯ ವಾಕ್ಯ ಇಂಗ್ಲಿಷಿನ ಅಂಗಿ ತೊಟ್ಟದ್ದು. ‘ಚ ಪೂರ್ಣಾಂಕವೆಂಬುದು ಸ್ಪಷ್ಟ’ ಎಂದರೆ ಕನ್ನಡ. ಕಾರಣ ಮೊದಲು ಬಂದು ತೀರ್ಪು ಕೊನೆಗೆ ನಿಲ್ಲುತ್ತದೆ.

‘ನಾವು’ ಎಂಬುದರ ವಿಷಯ ಇನ್ನೂ ಸೂಕ್ಷ್ಮ. ಗಣಿತಗದ್ಯದ ನಿರೂಪಕ ಸಾಮಾನ್ಯವಾಗಿ ಬಹುವಚನದವನು. ಈ ಬಹುವಚನದಲ್ಲಿ ಓದುಗನೂ ಸೇರಿದ್ದಾನೆಯೇ? ಮಲಯಾಳದಲ್ಲಿ ‘ನಮ್ಮಳ್’, ‘ಞಙ್ಙಳ್’. ತಮಿಳಿನಲ್ಲಿ ‘ನಾಮ್’, ‘ನಾಂಗಳ್’. ತೆಲುಗಿನಲ್ಲಿ ‘ಮನಂ’, ‘ಮೇಮು’. ತುಳುವಿನಲ್ಲಿ ‘ನಮ’, ‘ಎಂಕುಳು’. ಮರಾಠಿಯಲ್ಲಿಯೂ ‘ಆಪಣ’, ‘ಆಮ್ಹೀ’. ಸುತ್ತಲಿನ ಭಾಷೆಗಳೆಲ್ಲ ಕೇಳುಗನನ್ನು ಒಳಗಿಟ್ಟುಕೊಂಡ ಬಹುವಚನಕ್ಕೂ ಹೊರಗಿಟ್ಟ ಬಹುವಚನಕ್ಕೂ ಬೇರೆ ಬೇರೆ ಪದ ಇಟ್ಟುಕೊಂಡಿವೆ. ಹೊಸಗನ್ನಡಕ್ಕೆ ಇರುವುದು ಒಂದೇ ‘ನಾವು’. ‘ನಾವು ಸಾಧಿಸಿದೆವು’ ಎಂಬ ವಾಕ್ಯ ಓದುಗನನ್ನು ಹೊಸ್ತಿಲಾಚೆ ನಿಲ್ಲಿಸಬಹುದು. ಆದರೆ ‘ಇಳಿದು ನೋಡೋಣ’ ಎಂಬಲ್ಲಿನ ಕ್ರಿಯಾಪದ ಅವನನ್ನು ಕೈಹಿಡಿದೇ ಕರೆದೊಯ್ಯುತ್ತದೆ. ಮೂವತ್ತನ್ನು ಮರೆಮಾಚಿದ ಪರಿಹಾರವನ್ನು ‘ನಾವು’ ಬರೆಯಬಲ್ಲದು; ‘ನೋಡೋಣ’ ಎಂದು ಹೊರಟ ಗದ್ಯಕ್ಕೆ ಮೂವತ್ತನ್ನು ತೋರಿಸದೆ ಮುಂದಡಿಯಿಡುವುದು ಕಷ್ಟ.

ಗಡಿಯ ಮಗುವಿಗೆ ಪರಿಭಾಷೆಗಳ ಗೊಂದಲವೇ ಶಾಪ ಎನ್ನುವ ಅಭಿಪ್ರಾಯವೂ ಪ್ರಚಲಿತದಲ್ಲಿದೆ. ಅದು ಪೂರ್ತಿ ಸುಳ್ಳಲ್ಲ. ಕೇರಳದ ಕನ್ನಡ ಪಠ್ಯ ಒಂದು ಕಡೆಯಿಂದ, ಮಹಾರಾಷ್ಟ್ರದ ಕನ್ನಡ ಪಠ್ಯ ಇನ್ನೊಂದು ಕಡೆಯಿಂದ ರೂಪುಗೊಂಡು ಬರುವಾಗ ಮಗು ಅಲ್ಲಲ್ಲಿ ಮುಗ್ಗರಿಸುತ್ತದೆ. ಆದರೂ ಒಂದು ಪದವನ್ನು ಹಿಡಿದು ನೋಡಬಹುದು. ಕರ್ನಾಟಕದಲ್ಲಿ ‘ಅವಿಭಾಜ್ಯ ಸಂಖ್ಯೆ’ ಎನ್ನುವುದು ಮಲಯಾಳದಲ್ಲಿ ‘ಅಭಾಜ್ಯಸಂಖ್ಯ’, ತಮಿಳಿನಲ್ಲಿ ‘ಪಗಾ ಎಣ್’. ಮೂರೂ ಒಡೆಯಲಾಗದ್ದು ಎನ್ನುತ್ತವೆ. ಸೊಲ್ಲಾಪುರದ ಮಗುವಿನ ಕಿವಿಗೆ ಬೀಳುವ ಮರಾಠಿ ಹೆಸರು ‘ಮೂಳ ಸಂಖ್ಯಾ’, ಉಳಿದವಕ್ಕೆಲ್ಲ ಬೇರಾದದ್ದು. ಆದೋನಿ, ಮಡಕಶಿರಗಳ ಕಡೆ ತೆಲುಗಿನಲ್ಲಿ ‘ಪ್ರಧಾನ ಸಂಖ್ಯ’, ಮೊದಲ ಸ್ಥಾನದ್ದು. ಶಾಲೆಯ ಲೆಕ್ಕಕ್ಕೆ ಮೊದಲ ಹೆಸರಿನ ಗುಣ ಸಾಕು. ಸ್ಪರ್ಧಾಗಣಿತದ ಪರಿಹಾರಗಳು ಮತ್ತೆ ಮತ್ತೆ ಆತುಕೊಳ್ಳುವುದು ಇನ್ನೊಂದು ಗುಣಕ್ಕೆ: ಎರಡು ಸಂಖ್ಯೆಗಳ ಗುಣಲಬ್ಧವನ್ನು ಏಳು ಭಾಗಿಸಿದರೆ ಅವೆರಡರಲ್ಲಿ ಒಂದನ್ನಾದರೂ ಭಾಗಿಸಿಯೇ ತೀರುತ್ತದೆ. ಒಡೆಯಲಾಗದ್ದು ಎಂಬ ಮಾತಿನಲ್ಲಿ ಇದು ತಾನಾಗಿ ಅಡಕವಾಗಿಲ್ಲ, ಸಾಧಿಸಬೇಕು. ಒಂದೇ ಹೆಸರು ಕಲಿತ ಮಗುವಿಗೆ ಸಾಧಿಸಬೇಕಾದುದು ಏನಾದರೂ ಇದೆಯೆಂದೇ ಹೊಳೆಯುವುದಿಲ್ಲ. ಎರಡು ಹೆಸರು ಕೇಳಿದ ಮಗು, ಇವೆರಡೂ ಒಂದೇ ಏಕೆ ಎಂದು ಕೇಳಬಹುದು. ಆಗ ಅದರ ಮುಂದೆ ಆರನ್ನು ಇಡಬೇಕು: ನಾಲ್ಕು ಒಂಬತ್ತಲ ಮೂವತ್ತಾರನ್ನು ಆರು ಭಾಗಿಸುತ್ತದೆ, ನಾಲ್ಕನ್ನೂ ಭಾಗಿಸುವುದಿಲ್ಲ, ಒಂಬತ್ತನ್ನೂ ಭಾಗಿಸುವುದಿಲ್ಲ.